ಸಿಂಧನೂರು ನಗರದಲ್ಲಿ ಕೈಗೆಟುಕುವ ಹಸಿರು ಸಮುದಾಯ ವಸತಿ: ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ನಗರ ಪ್ರದೇಶಗಳಲ್ಲಿ ವಸತಿ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಧನಸಹಾಯ ಎಷ್ಟು, ಯಾರು ಅರ್ಹರು, ಯಾವ ದಾಖಲೆಗಳು ಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಅದರೊಂದಿಗೆ, ಮಂಜೂರಾತಿಗೆ ಮೊದಲೇ ಯೋಚಿಸಬೇಕಾದ ಇನ್ನೊಂದು ವಿಷಯವನ್ನೂ ವಿವರಿಸಲಾಗಿದೆ: ಈ ಭಾಗದ ಮಣ್ಣು, ಬಿಸಿಲು ಮತ್ತು ನೀರಿನ ಸ್ಥಿತಿಗೆ ಹೊಂದುವ ಮನೆಯನ್ನು ಕಡಿಮೆ ವೆಚ್ಚದಲ್ಲಿ ಕಟ್ಟುವುದು ಹೇಗೆ?

ಮನೆಯನ್ನು ತಂಪಾಗಿ, ಬಾಳಿಕೆ ಬರುವಂತೆ, ನೀರು ಮತ್ತು ವಿದ್ಯುತ್ ಉಳಿಸುವಂತೆ ಕಟ್ಟುವ ತೀರ್ಮಾನಗಳಲ್ಲಿ ಹೆಚ್ಚಿನವು ನಕ್ಷೆಯ ಹಂತದಲ್ಲಿ ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಆಗತಕ್ಕವು. ಅವೇ ತೀರ್ಮಾನಗಳನ್ನು ಗೋಡೆ ಎದ್ದ ಮೇಲೆ ತೆಗೆದುಕೊಳ್ಳಲು ಹೊರಟರೆ ದುಬಾರಿಯಾಗುತ್ತವೆ, ಕೆಲವಂತೂ ಸಾಧ್ಯವೇ ಆಗುವುದಿಲ್ಲ. ಆದುದರಿಂದ ಅರ್ಜಿದಾರರು ಈ ಪುಟವನ್ನು ನಕ್ಷೆ ಸಿದ್ಧಪಡಿಸುವ ಮುನ್ನವೇ ಓದಿಕೊಳ್ಳುವುದು ಸೂಕ್ತ.

2. ನಗರದ ಬೆಳವಣಿಗೆ

1953ರಲ್ಲಿ ತುಂಗಭದ್ರಾ ಜಲಾಶಯ ನಿರ್ಮಾಣಗೊಂಡು ಎಡದಂಡೆ ನಾಲೆಯಲ್ಲಿ ನೀರು ಹರಿದ ನಂತರ ಸಿಂಧನೂರು ಸುತ್ತಲಿನ ಮಳೆಯಾಶ್ರಿತ ಎರೆ ಭೂಮಿಯು ಭತ್ತದ ಗದ್ದೆಯಾಯಿತು. ಭತ್ತದೊಂದಿಗೆ ಅಕ್ಕಿ ಗಿರಣಿಗಳು, ಸಾಗಾಣಿಕೆ, ಹಮಾಲಿ ಕೆಲಸ ಮತ್ತು ವ್ಯಾಪಾರ ಬೆಳೆದವು. ಕರಾವಳಿ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳು ಹಾಗೂ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ತಾಲ್ಲೂಕಿನಲ್ಲಿ ಇಂದಿಗೂ ಅದೇ ಹೆಸರಿನಿಂದ ಪರಿಚಿತವಾಗಿವೆ. 2024ರಲ್ಲಿ ನಗರಕ್ಕೆ ರೈಲು ಸಂಪರ್ಕವೂ ದೊರೆತಿದೆ.

ಕೆಲಸ ಅರಸಿ ಬರುವವರು ಹೆಚ್ಚಿದಂತೆ ನಿವೇಶನದ ಬೇಡಿಕೆಯೂ ಹೆಚ್ಚಿ, ನಗರದ ಅಂಚಿನ ಗದ್ದೆಗಳು ಬಡಾವಣೆಗಳಾಗುತ್ತಿವೆ. ಗದ್ದೆಯಾಗಿದ್ದ ಭೂಮಿಯಲ್ಲಿ ಮನೆ ಕಟ್ಟುವುದಕ್ಕೆ ವಿಶೇಷ ಎಚ್ಚರಿಕೆ ಅಗತ್ಯ. ಆ ವಿವರಗಳನ್ನು ಕಂಡಿಕೆ 4 ಮತ್ತು 5ರಲ್ಲಿ ನೀಡಲಾಗಿದೆ.

3. ಕೈಗೆಟುಕುವ ಮನೆ, ಹಸಿರು ಮನೆ: ಅರ್ಥ ವಿವರಣೆ

ಕೈಗೆಟುಕುವ ಮನೆ ಎಂದರೆ ಕಟ್ಟುವ ದಿನದಂದು ಅಗ್ಗವಾಗಿ ಕಾಣುವ ಮನೆ ಎಂದಷ್ಟೇ ತಿಳಿಯಬಾರದು. ಸಾಲದ ಕಂತು, ದುರಸ್ತಿ, ವಿದ್ಯುತ್, ನೀರು ಮತ್ತು ಕೆಲಸಕ್ಕೆ ಹೋಗಿ ಬರುವ ಖರ್ಚನ್ನು ಕುಟುಂಬವು ವರ್ಷಾನುಗಟ್ಟಲೆ ಹೊರಬೇಕಾಗುತ್ತದೆ. ಉದಾಹರಣೆಗೆ, ಶೇ. 9ರ ಬಡ್ಡಿ ದರದಲ್ಲಿ 12 ವರ್ಷಗಳ ಅವಧಿಗೆ ಪಡೆದ ಪ್ರತಿ ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು ರೂ. 1,138 ಆಗುತ್ತದೆ. ಗೋಡೆ ಬಿರಿದು ದುರಸ್ತಿಗಾಗಿ ಮತ್ತೆ ಸಾಲ ಮಾಡಿದಲ್ಲಿ ಎರಡನೆಯ ಕಂತು ಆರಂಭವಾಗುತ್ತದೆ. ಇದಕ್ಕೆ ಧನಸಹಾಯ ದೊರೆಯುವುದಿಲ್ಲ.

ಹಸಿರು ಮನೆ ಎಂದರೆ ಸ್ಥಳೀಯ ಸಾಮಗ್ರಿಯನ್ನು ಮಿತವಾಗಿ ಬಳಸಿದ, ಯಂತ್ರಗಳ ನೆರವಿಲ್ಲದೆ ಆದಷ್ಟು ತಂಪಾಗಿರುವ, ಮಳೆನೀರನ್ನು ಹಿಡಿದಿಡುವ ಮತ್ತು ಕೊಳಚೆ ನೀರನ್ನು ನೆರೆಯವರ ಅಂಗಳಕ್ಕೆ ಬಿಡದ ಮನೆ. ಈ ಎರಡು ಅರ್ಥಗಳನ್ನು ಜೊತೆಗಿಟ್ಟು ನೋಡಿದಲ್ಲಿ, ಹಸಿರು ಮನೆಯೇ ದೀರ್ಘಾವಧಿಯಲ್ಲಿ ಕೈಗೆಟುಕುವ ಮನೆ ಎಂಬುದು ಮನದಟ್ಟಾಗುತ್ತದೆ.

4. ನಿವೇಶನದ ಆಯ್ಕೆ

ನಿವೇಶನ ಖರೀದಿಸುವ ಅಥವಾ ಬಡಾವಣೆಗೆ ಸ್ಥಳ ಸೂಚಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು:

ಅ) ಭೂಮಿಯು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರ ಮೇರೆಗೆ ವಸತಿ ಉದ್ದೇಶಕ್ಕೆ ಪರಿವರ್ತನೆಯಾಗಿದೆಯೇ ಹಾಗೂ ಬಡಾವಣೆ ನಕ್ಷೆಗೆ ಸಕ್ಷಮ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ಎಂಬುದನ್ನು ನೋಡಬೇಕು. ಅನುಮೋದನೆಯಿಲ್ಲದ ನಿವೇಶನದಲ್ಲಿ ರಸ್ತೆ, ಚರಂಡಿ ಮತ್ತು ಉದ್ಯಾನಕ್ಕೆ ಜಾಗ ಬಿಟ್ಟಿರುವ ಖಾತರಿ ಇರುವುದಿಲ್ಲ.

ಆ) 500 ಚದರ ಮೀಟರ್‌ಗಿಂತ ಹೆಚ್ಚಿನ ಭೂಮಿಯ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಮಾರಾಟ ಯೋಜನೆಯಾಗಿದ್ದಲ್ಲಿ, 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ಅದು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಮುಂಗಡ ಹಣ ಕೊಡುವ ಮೊದಲೇ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು.

ಇ) ಸುತ್ತಲಿನ ಗದ್ದೆ, ನಾಲೆ ಅಥವಾ ಹಳ್ಳದ ಮಟ್ಟಕ್ಕಿಂತ ನಿವೇಶನವು ಎತ್ತರದಲ್ಲಿದೆಯೇ ಎಂಬುದನ್ನು ಮಳೆಗಾಲದಲ್ಲಿ ಒಮ್ಮೆ ಹಾಗೂ ನಾಲೆಗೆ ನೀರು ಬಿಟ್ಟ ಅವಧಿಯಲ್ಲಿ ಒಮ್ಮೆ ಸ್ವತಃ ಹೋಗಿ ನೋಡುವುದು ಉತ್ತಮ.

ಈ) ನೆಲದ ಮೇಲೆ ಬೆಳ್ಳಗಿನ ಉಪ್ಪಿನ ಪದರ ಕಂಡುಬಂದರೆ ಅದು ಸವಳು ಭೂಮಿಯ ಲಕ್ಷಣ. ಅಂತಹ ಮಣ್ಣಿನ ಲವಣಗಳು ಕಾಂಕ್ರೀಟನ್ನೂ ಅದರೊಳಗಿನ ಕಬ್ಬಿಣವನ್ನೂ ಕೆಡಿಸುತ್ತವೆಯಾದ್ದರಿಂದ ತಳಪಾಯಕ್ಕೆ ಇಂಜಿನಿಯರರ ಸಲಹೆ ಕಡ್ಡಾಯವೆಂದು ಭಾವಿಸತಕ್ಕದ್ದು.

ಉ) ಕೆಲಸದ ಸ್ಥಳ, ಶಾಲೆ, ಆಸ್ಪತ್ರೆ ಮತ್ತು ಬಸ್ ನಿಲ್ದಾಣದ ದೂರವನ್ನು ಲೆಕ್ಕ ಹಾಕಬೇಕು. ಊರಿನಿಂದ ದೂರದಲ್ಲಿ ಅಗ್ಗಕ್ಕೆ ದೊರೆತ ಮನೆಯ ಉಳಿತಾಯವು ಆಟೋ ಬಾಡಿಗೆಯಲ್ಲಿ ಕರಗಿಹೋಗಬಾರದು.

5. ಎರೆಮಣ್ಣಿನಲ್ಲಿ ತಳಪಾಯ

ಈ ಭಾಗದಲ್ಲಿ ಮನೆಗಳು ಬಿರಿಯಲು ಮುಖ್ಯ ಕಾರಣ ಎರೆಮಣ್ಣು. ಇದು ನೀರು ಹೀರಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿಬಿಡುತ್ತದೆ. ಮನೆಯ ಒಂದು ಬದಿಯಲ್ಲಿ ಗದ್ದೆ ಅಥವಾ ಬಚ್ಚಲಿನ ತೇವವಿದ್ದು ಇನ್ನೊಂದು ಬದಿ ಒಣಗಿದ್ದರೆ, ತಳಪಾಯವು ಒಂದೆಡೆ ಮೇಲೆದ್ದು ಇನ್ನೊಂದೆಡೆ ಇಳಿಯುತ್ತದೆ. ಇದರಿಂದ ಗೋಡೆಗಳಲ್ಲಿ ಓರೆಯಾದ ಬಿರುಕುಗಳು ಮೂಡುತ್ತವೆ. ಹಗುರವಾದ ಒಂದಂತಸ್ತಿನ ಮನೆಗೆ ಈ ಅಪಾಯ ಹೆಚ್ಚು.

ಇದಕ್ಕೆ ರೂಢಿಯಲ್ಲಿರುವ ಪರಿಹಾರಗಳು:

ಅ) ಎರೆಮಣ್ಣಿನ ಪದರ ತೆಳುವಾಗಿದ್ದಲ್ಲಿ ಅದನ್ನು ಪೂರ್ತಿ ತೆಗೆದು, ಕೆಳಗಿನ ಗಟ್ಟಿ ಗರಸಿನ ಮೇಲೆ ತಳಪಾಯ ಹಾಕುವುದು. ಗುಂಡಿಯನ್ನು ಗರಸಿನಿಂದ ಪದರ ಪದರವಾಗಿ ತುಂಬಿ, ನೀರು ಹಾಕಿ ಬಡಿಯತಕ್ಕದ್ದು. ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಬಾರದು.

ಆ) ಪದರವು ಆಳವಾಗಿದ್ದಲ್ಲಿ ಅಂಡರ್‌ರೀಮ್ಡ್ ಪೈಲ್ ವಿಧಾನವನ್ನು ಅನುಸರಿಸಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಈ ವಿಧಾನದಲ್ಲಿ, ತುದಿಯ ಬಳಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು ಸಾಮಾನ್ಯವಾಗಿ 3.5 ಮೀಟರ್ ಆಳಕ್ಕೆ ಇಳಿಸಲಾಗುತ್ತದೆ. ಅಷ್ಟು ಆಳದಲ್ಲಿ ಮಣ್ಣಿನ ತೇವವು ಋತುವಿನಿಂದ ಋತುವಿಗೆ ಹೆಚ್ಚು ಬದಲಾಗುವುದಿಲ್ಲ. ಕಂಬಗಳನ್ನು ಜೋಡಿಸುವ ತೊಲೆಯ ಕೆಳಗೆ ಮಣ್ಣು ಉಬ್ಬಲು ಸುಮಾರು 80 ಮಿ.ಮೀ. ಜಾಗ ಖಾಲಿ ಬಿಡಬೇಕು.

ಇ) ಮನೆಯ ಸುತ್ತಲೂ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಹಾಕಿ, ಮಳೆನೀರು ಮತ್ತು ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಮಾಡಬೇಕು. ಗೋಡೆಗೆ ತಾಗಿ ದೊಡ್ಡ ಮರ ನೆಡಬಾರದು. ಅದರ ಬೇರು ಮಣ್ಣಿನ ತೇವವನ್ನು ಹೀರಿ ಕುಸಿತಕ್ಕೆ ಕಾರಣವಾಗಬಹುದು.

ವೆಚ್ಚ ತಗ್ಗಿಸಲು ತಳಪಾಯದಲ್ಲಿ ಕಡಿತ ಮಾಡುವುದು ಈ ಪ್ರದೇಶದಲ್ಲಿ ಸಲ್ಲದು. ಉಳಿತಾಯಕ್ಕೆ ಗೋಡೆ, ಛಾವಣಿ ಮತ್ತು ಮನೆಗಳ ಜೋಡಣೆಯಲ್ಲಿ ಸಾಕಷ್ಟು ಅವಕಾಶವಿದೆ.

6. ಗೋಡೆಯ ಸಾಮಗ್ರಿ

ಅ) ಹಾರುಬೂದಿ ಇಟ್ಟಿಗೆ: ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದ್ದು, ಹಾರುಬೂದಿಯು ಜಿಲ್ಲೆಯೊಳಗೇ ಲಭ್ಯವಿದೆ. ಈ ಇಟ್ಟಿಗೆಗೆ ಫಲವತ್ತಾದ ಮೇಲ್ಮಣ್ಣನ್ನು ಅಗೆಯಬೇಕಾಗಿಲ್ಲ, ಭಟ್ಟಿಯಲ್ಲಿ ಸುಡಬೇಕಾಗಿಯೂ ಇಲ್ಲ. ಖರೀದಿಸುವಾಗ ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ನೆನೆಸಿ ಮತ್ತೆ ತೂಗಬೇಕು. ತೂಕವು ಶೇ. 20ಕ್ಕಿಂತ ಹೆಚ್ಚು ಏರಿದಲ್ಲಿ ಅಂತಹ ಇಟ್ಟಿಗೆಯನ್ನು ತಿರಸ್ಕರಿಸಬೇಕು.

ಆ) ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಇದನ್ನು ಅಭಿವೃದ್ಧಿಪಡಿಸಿ ಪ್ರಚುರಪಡಿಸಿತು. ಕೆಂಪು ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ತಯಾರಿಸಲಾಗುತ್ತದೆ. ಉಬ್ಬುವ ಗುಣದ ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ.

ಇ) ಇಲಿಬೋನು ಕಟ್ಟಣೆ: ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದ ಈ ವಿಧಾನದಲ್ಲಿ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡಲಾಗುತ್ತದೆ. ಇದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿತಾಯವಾಗುವುದಲ್ಲದೆ, ನಡುವಿನ ಗಾಳಿಯು ಬಿಸಿಲಿನ ಶಾಖವನ್ನು ತಡೆಯುತ್ತದೆ. ಅನುಭವವುಳ್ಳ ಗೌಂಡಿಯಿಂದಲೇ ಈ ಕೆಲಸ ಮಾಡಿಸಬೇಕು.

ಈ) ನೆಲಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದ್ ಬಂಡೆ ಹಾಗೂ ತಳಪಾಯಕ್ಕೆ ಸ್ಥಳೀಯ ಕಲ್ಲನ್ನು ಬಳಸಬಹುದು. ಈ ಸಾಮಗ್ರಿಗಳ ಬಗ್ಗೆ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.

7. ಛಾವಣಿ, ಬಿಸಿಲು ಮತ್ತು ಗಾಳಿ

ಸಿಂಧನೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಬೇಸಿಗೆಯ ಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲಿರುತ್ತಾನೆ. ಆಗ ಮನೆಗೆ ಅತಿ ಹೆಚ್ಚು ಶಾಖ ಬರುವುದು ಛಾವಣಿಯಿಂದ. ಬೆಳಿಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ ಬಿಸಿಲು ನೇರವಾಗಿ ಬಡಿಯುತ್ತದೆ. ಆದುದರಿಂದ ಮನೆಯ ಉದ್ದನೆಯ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೆ ಇರುವಂತೆ ನಕ್ಷೆ ಮಾಡಿಸಬೇಕು. ಅಡುಗೆಮನೆ, ಬಚ್ಚಲು, ಮೆಟ್ಟಿಲುಗಳನ್ನು ಪಶ್ಚಿಮಕ್ಕೆ ಇಟ್ಟಲ್ಲಿ ಮಲಗುವ ಕೋಣೆ ತಂಪಾಗಿರುತ್ತದೆ. ಇದಕ್ಕೆ ಯಾವುದೇ ಹೆಚ್ಚುವರಿ ವೆಚ್ಚವಿಲ್ಲ.

2018ರಲ್ಲಿ ಪ್ರಕಟವಾದ ಇಕೋ ನಿವಾಸ್ ಸಂಹಿತೆಯು 500 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನಿವೇಶನದ ವಸತಿ ಕಟ್ಟಡಗಳ ಛಾವಣಿಯ ಶಾಖ ವಾಹಕತೆಗೆ ಮಿತಿಯನ್ನು ಗೊತ್ತುಪಡಿಸಿದೆ. ಬರಿಯ ಕಾಂಕ್ರೀಟ್ ಛಾವಣಿಯು ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಬಿಡುತ್ತದೆ. ಚಿಕ್ಕ ಮನೆಗಳಿಗೆ ಸಂಹಿತೆಯು ಅನ್ವಯಿಸದಿದ್ದರೂ ಬಿಸಿಲು ಎಲ್ಲರಿಗೂ ಒಂದೇ. ಛಾವಣಿಗೆ ಪ್ರತಿ ವರ್ಷ ಸುಣ್ಣ ಬಳಿಯುವುದು, ಬಿಳಿ ಟೈಲ್ಸ್ ಚೂರುಗಳನ್ನು ಹಾಸುವುದು, ಕಾಂಕ್ರೀಟಿನ ನಡುವೆ ಹೆಂಚುಗಳನ್ನು ಇಟ್ಟು ಫಿಲ್ಲರ್ ಸ್ಲ್ಯಾಬ್ ಹಾಕುವುದು ಕಡಿಮೆ ವೆಚ್ಚದ ಕ್ರಮಗಳು. ಈ ಭಾಗದ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಛಾವಣಿಯೂ ಬೆಳಕಿಂಡಿಯೂ ಇದೇ ಕೆಲಸವನ್ನು ಮಾಡುತ್ತಿದ್ದವು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಬಿಸಿ ಹವೆಯ ಪ್ರದೇಶಗಳಲ್ಲಿ ಕಿಟಕಿಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕೆ ಕಡಿಮೆಯಾಗಬಾರದು. ಅಂದರೆ 30 ಚದರ ಮೀಟರ್ ಮನೆಗೆ ಒಟ್ಟು 3 ಚದರ ಮೀಟರ್ ಕಿಟಕಿ ಬೇಕು. ಕಿಟಕಿಗಳು ಎದುರುಬದುರಾಗಿದ್ದು, ಪ್ರತಿಯೊಂದರ ಮೇಲೂ ಸಜ್ಜಾ ಇರತಕ್ಕದ್ದು.

8. ನೀರು ಮತ್ತು ನೈರ್ಮಲ್ಯ

ಈ ಭಾಗದ ಜನಜೀವನ ನಾಲೆಯ ನೀರನ್ನು ಅವಲಂಬಿಸಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಅವಲಂಬನೆ ಎಷ್ಟು ಸೂಕ್ಷ್ಮವೆಂಬುದು ಎಲ್ಲರಿಗೂ ತಿಳಿಯಿತು.

1 ಚದರ ಮೀಟರ್ ಛಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು ದೊರೆಯುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯೆಂದು, ಅದರಲ್ಲಿ ಶೇ. 80 ಕೈಗೆ ಬರುವುದೆಂದು ಲೆಕ್ಕ ಹಿಡಿದರೆ, 30 ಚದರ ಮೀಟರ್ ಛಾವಣಿಯಿಂದ ವರ್ಷಕ್ಕೆ 14,400 ಲೀಟರ್ ನೀರು ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 50 ಲೀಟರ್ ಬಳಸುವ ಕುಟುಂಬಕ್ಕೆ 2,000 ಲೀಟರಿನ ಒಂದು ತೊಟ್ಟಿ 40 ದಿನ ಸಾಕಾಗುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು ನಂತರದ ನೀರನ್ನು ಸೋಸಿ ಸಂಗ್ರಹಿಸಬೇಕು, ಕುಡಿಯುವ ನೀರನ್ನು ಕುದಿಸಬೇಕು.

ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಮನೆಗೊಂದು ಇಂಗುಗುಂಡಿ ಮಾಡಿದಲ್ಲಿ ಅದು ತುಂಬಿ ಹರಿದು ತಳಪಾಯವನ್ನು ನೆನೆಸುವ ಸಂಭವವಿದೆ. ಹಲವು ಮನೆಗಳಿಗೆ ಸೇರಿ ಸಾಮೂಹಿಕ ಸೆಪ್ಟಿಕ್ ಟ್ಯಾಂಕ್ ಮತ್ತು ಜೊಂಡು ಬೆಳೆಸಿದ ಶುದ್ಧೀಕರಣ ತೊಟ್ಟಿ ನಿರ್ಮಿಸಿ, ಆ ನೀರನ್ನು ಬಡಾವಣೆಯ ಮರಗಳಿಗೆ ಬಳಸುವುದು ಸೂಕ್ತ. ಟ್ಯಾಂಕಿನ ಮಲತ್ಯಾಜ್ಯವನ್ನು ಶುದ್ಧೀಕರಿಸುವ ಘಟಕವು ದೇವನಹಳ್ಳಿಯಲ್ಲಿ 2015ರಲ್ಲೇ ಆರಂಭವಾಗಿದ್ದು, ಸಣ್ಣ ಪಟ್ಟಣಗಳಿಗೆ ಮಾದರಿಯಾಗಿದೆ.

9. ಸಮುದಾಯವಾಗಿ ಕಟ್ಟುವುದರಿಂದ ಆಗುವ ಲಾಭ

6 ಮೀಟರ್ ಉದ್ದ, 5 ಮೀಟರ್ ಅಗಲದ ನಾಲ್ಕು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರೆ ಹೊರಗೋಡೆಗಳ ಒಟ್ಟು ಉದ್ದ 88 ಮೀಟರ್. ಅವನ್ನೇ ಉದ್ದನೆಯ ಬದಿ ಸೇರುವಂತೆ ಸಾಲಾಗಿ ಕಟ್ಟಿದರೆ ಮೂರು ಗೋಡೆಗಳು ಇಬ್ಬರಿಗೂ ಸಮಾನವಾಗಿ 70 ಮೀಟರ್ ಸಾಕು. ಗೋಡೆಯಲ್ಲೂ ಅದರ ಕೆಳಗಿನ ತಳಪಾಯದಲ್ಲೂ ಸುಮಾರು ಐದನೇ ಒಂದು ಭಾಗ ಉಳಿಯುತ್ತದೆ. ಸಾಲು ಪೂರ್ವದಿಂದ ಪಶ್ಚಿಮಕ್ಕೆ ಹಬ್ಬಿದ್ದರೆ ಹೊಂದಿಕೊಂಡ ಗೋಡೆಗಳಿಗೆ ಬಿಸಿಲೂ ತಾಗುವುದಿಲ್ಲ. ಉಳಿದ ಜಾಗದಲ್ಲಿ ಬೇವು, ಹೊಂಗೆ ಮರಗಳ ನೆರಳಿನ ಬೀದಿ, ಕಟ್ಟೆ, ಕಾಳು ಒಣಗಿಸುವ ಅಂಗಳಕ್ಕೆ ಅವಕಾಶವಾಗುತ್ತದೆ. ಎರಡು ಮೂರು ಅಂತಸ್ತಿನ ಗುಂಪು ಮನೆಗಳಲ್ಲಿ ಪೈಲ್ ತಳಪಾಯದ ವೆಚ್ಚವೂ ಹಂಚಿಹೋಗುತ್ತದೆ. ನೆಲಮಹಡಿಯನ್ನು ವೃದ್ಧರು ಮತ್ತು ಅಂಗವಿಕಲರಿರುವ ಕುಟುಂಬಗಳಿಗೆ ಮೀಸಲಿಡುವುದು ಅಪೇಕ್ಷಣೀಯ.

ನಮ್ಮಂತೆಯೇ ಬಿಸಿಲಿನ ನಾಡಾದ, ಕನ್ನಡಿಗರೂ ಗಣನೀಯವಾಗಿರುವ ನೆರೆಯ ಸೊಲ್ಲಾಪುರ ಜಿಲ್ಲೆಯ ಕುಂಭಾರಿಯಲ್ಲಿ ಇದಕ್ಕೆ ದೊಡ್ಡ ಉದಾಹರಣೆಯಿದೆ. ಅಲ್ಲಿ ಬೀಡಿ ಕಟ್ಟುವ ಮಹಿಳೆಯರು ಸಹಕಾರ ತತ್ವದಡಿ ಸಂಘಟಿತರಾಗಿ ಪಡೆದ 10,000 ಮನೆಗಳು 2006ರಲ್ಲಿ ಹಸ್ತಾಂತರವಾದವು. ನಂತರ ಬೀಡಿ, ಜವಳಿ ಮತ್ತಿತರ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇನಗರ ಯೋಜನೆಗೆ 2019ರಲ್ಲಿ ಶಂಕುಸ್ಥಾಪನೆಯಾಗಿ, ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಹಸ್ತಾಂತರಿಸಲಾಯಿತು. ಬಿಡಿಬಿಡಿಯಾಗಿ ಅರ್ಜಿ ಹಾಕಿದವರಿಗೆ ದೊರೆಯದ ಭೂಮಿ ಸಂಘಟಿತರಾದವರಿಗೆ ಒಂದೇ ಕಡೆ ದೊರೆಯಬಲ್ಲದು ಎಂಬುದನ್ನು ಇದು ತೋರಿಸುತ್ತದೆ. ಗಿರಣಿ ಹಮಾಲರು, ಕಟ್ಟಡ ಕಾರ್ಮಿಕರು, ಸ್ವಸಹಾಯ ಸಂಘಗಳ ಸದಸ್ಯರು ಈ ದಿಸೆಯಲ್ಲಿ ಯೋಚಿಸಬಹುದಾಗಿದೆ.

10. ದೊರೆಯುವ ಧನಸಹಾಯ

2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಮುಖ್ಯಾಂಶಗಳು:

ಅ) ಸ್ವಂತ ನಿವೇಶನದಲ್ಲಿ ಮನೆ: ವಾರ್ಷಿಕ ಆದಾಯ ರೂ. 3 ಲಕ್ಷದವರೆಗಿನ ಕುಟುಂಬಗಳಿಗೆ 30ರಿಂದ 45 ಚದರ ಮೀಟರ್ ಮನೆಗೆ ಕೇಂದ್ರದ ಪಾಲು ರೂ. 1.50 ಲಕ್ಷ, ರಾಜ್ಯದ ಪಾಲು ಕನಿಷ್ಠ ರೂ. 1 ಲಕ್ಷ.

ಆ) ಪಾಲುದಾರಿಕೆಯಲ್ಲಿ ಗುಂಪು ವಸತಿ: ಅರ್ಹತೆ ಮತ್ತು ಸಹಾಯಧನ ಮೇಲಿನಂತೆಯೇ ಇರುತ್ತದೆ. ನವೀನ ನಿರ್ಮಾಣ ತಂತ್ರಜ್ಞಾನ ಬಳಸಿದ ಯೋಜನೆಗಳಿಗೆ ಪ್ರತಿ ಚದರ ಮೀಟರ್‌ಗೆ ರೂ. 1,000ರಂತೆ ಹೆಚ್ಚುವರಿ ಅನುದಾನವಿದೆ.

ಇ) ಕೈಗೆಟುಕುವ ಬಾಡಿಗೆ ವಸತಿ: ವಲಸೆ ಬಂದ ಕಾರ್ಮಿಕರು ಹಾಗೂ ಮನೆ ಖರೀದಿಸಲು ಇಚ್ಛಿಸದವರಿಗಾಗಿ.

ಈ) ಬಡ್ಡಿ ಸಹಾಯಧನ: ವಾರ್ಷಿಕ ಆದಾಯ ರೂ. 9 ಲಕ್ಷದವರೆಗಿನವರಿಗೆ, ಸಾಲದ ಮೊದಲ ರೂ. 8 ಲಕ್ಷದ ಮೇಲೆ ಶೇ. 4ರಂತೆ, ಗರಿಷ್ಠ ರೂ. 1.80 ಲಕ್ಷ.

ಒಂದು ಕುಟುಂಬವು ಇವುಗಳಲ್ಲಿ ಒಂದರ ಸೌಲಭ್ಯವನ್ನು ಮಾತ್ರ ಪಡೆಯಬಹುದು. ದೇಶದ ಯಾವುದೇ ಭಾಗದಲ್ಲಿ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು ಮತ್ತು ಹಿಂದಿನ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು.

ಇದಲ್ಲದೆ, 2024ರ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಯ ಛಾವಣಿಯ ಸೌರ ಘಟಕಕ್ಕೆ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 30,000 ಹಾಗೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ ಒಟ್ಟು ರೂ. 78,000 ಸಹಾಯಧನವಿದೆ. ಗುಂಪು ವಸತಿಯ ಬೀದಿದೀಪ, ಪಂಪು ಮುಂತಾದ ಸಾಮೂಹಿಕ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 18,000 ದೊರೆಯುತ್ತದೆ. ವಿವರಗಳಿಗೆ ಜೆಸ್ಕಾಂ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಬಹುದು.

ಉದಾಹರಣೆ ಲೆಕ್ಕ: 30 ಚದರ ಮೀಟರ್ ಅಂದರೆ 323 ಚದರ ಅಡಿ ಮನೆಗೆ ಚದರ ಅಡಿಗೆ ರೂ. 1,800 ವೆಚ್ಚವೆಂದು ಭಾವಿಸಿದಲ್ಲಿ ಒಟ್ಟು ರೂ. 5,81,400 ಆಗುತ್ತದೆ. ಸಹಾಯಧನ ರೂ. 2,50,000 ಕಳೆದು ಕುಟುಂಬದ ಪಾಲು ರೂ. 3,31,400. ಸಹಾಯಧನವು ಕಾಮಗಾರಿಯ ಪ್ರಗತಿಯನ್ನು ಆಧರಿಸಿ ಕಂತುಗಳಲ್ಲಿ ಬಿಡುಗಡೆಯಾಗುವುದರಿಂದ, ತಳಪಾಯಕ್ಕೆ ಬೇಕಾದ ಹಣವನ್ನು ಕುಟುಂಬವು ಮೊದಲೇ ಹೊಂದಿಸಿಟ್ಟುಕೊಳ್ಳಬೇಕು.

11. ಅರ್ಜಿ ಸಲ್ಲಿಸುವ ವಿಧಾನ

ಸಿಂಧನೂರಿನವರು ನಗರಸಭೆಯಲ್ಲಿ, ಲಿಂಗಸುಗೂರು ಮತ್ತು ಮಸ್ಕಿಯವರು ಆಯಾ ಪುರಸಭೆಯಲ್ಲಿ ವಿಚಾರಿಸಿ, ಯೋಜನೆಯ ಅಂತರ್ಜಾಲ ತಾಣದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಬೇಕಾಗುವ ದಾಖಲೆಗಳು:

1) ಅರ್ಜಿದಾರರ ಮತ್ತು ಕುಟುಂಬ ಸದಸ್ಯರ ಆಧಾರ್ ವಿವರ
2) ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪಾಸ್ ಪುಸ್ತಕ
3) ಆದಾಯ ಪ್ರಮಾಣ ಪತ್ರ, ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರ
4) ಸ್ವಂತ ನಿವೇಶನವಿದ್ದಲ್ಲಿ ಹಕ್ಕುಪತ್ರ ಅಥವಾ ನೋಂದಾಯಿತ ಪತ್ರ ಮತ್ತು ಖಾತಾ
5) ಪಕ್ಕಾ ಮನೆ ಹೊಂದಿಲ್ಲವೆಂಬ ಬಗ್ಗೆ ಸ್ವಯಂ ಘೋಷಣೆ

ಮನೆಯು ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಪತಿ ಪತ್ನಿಯರ ಜಂಟಿ ಹೆಸರಿನಲ್ಲಿರುವುದಕ್ಕೆ ಆದ್ಯತೆಯಿದೆ. ಕಟ್ಟಡ ಪರವಾನಗಿ ಪಡೆದ ನಂತರವೇ ಕಾಮಗಾರಿ ಆರಂಭಿಸಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಲದಲ್ಲಿ ಛಾಪಾ ಕಾಗದದ ಕರಾರಿನ ಮೇಲೆ ಪಡೆದ ನಿವೇಶನಕ್ಕೆ ಸಹಾಯಧನ ದೊರೆಯುವುದೇ?
ಉತ್ತರ: ಇಲ್ಲ. ನಿವೇಶನದ ಹಕ್ಕು ಕಾನೂನುಬದ್ಧ ದಾಖಲೆಯಿಂದ ಸಾಬೀತಾಗಬೇಕು.

ಪ್ರಶ್ನೆ: ಗದ್ದೆ ತುಂಬಿಸಿ ಮಾಡಿದ ನಿವೇಶನದಲ್ಲಿ ಕೂಡಲೇ ಮನೆ ಕಟ್ಟಬಹುದೇ?
ಉತ್ತರ: ಮೇಲೆ ತುಂಬಿದ ಮಣ್ಣಿನ ಮೇಲೆ ತಳಪಾಯ ನಿಲ್ಲಿಸಬಾರದು. ಪರೀಕ್ಷಾ ಗುಂಡಿ ತೋಡಿಸಿ, ಕೆಳಗಿನ ಮೂಲ ಮಣ್ಣಿನ ಗುಣ ಮತ್ತು ಆಳವನ್ನು ಇಂಜಿನಿಯರರಿಗೆ ತೋರಿಸಿ ಮುಂದುವರಿಯಬೇಕು.

ಪ್ರಶ್ನೆ: ಹಣ ಸಾಲದಾದಲ್ಲಿ ಯಾವ ಕೆಲಸವನ್ನು ಮುಂದೂಡಬಹುದು?
ಉತ್ತರ: ಟೈಲ್ಸ್, ಬಣ್ಣ, ಕಾಂಪೌಂಡ್ ಮತ್ತು ಒಳಗಿನ ಕಪಾಟುಗಳನ್ನು ಮುಂದಿನ ವರ್ಷಗಳಲ್ಲಿ ಮಾಡಿಕೊಳ್ಳಬಹುದು. ತಳಪಾಯ, ಸುತ್ತಲಿನ ಕಲ್ಲುಹಾಸು, ಸಜ್ಜಾ, ಚರಂಡಿ ಮತ್ತು ಮಳೆನೀರಿನ ಕೊಳವೆಯನ್ನು ಮುಂದೂಡಬಾರದು.

13. ಸೂಚನೆ

ಮಂಜೂರಾತಿ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದಾಗಿ ಕೋರಲಾಗಿದೆ. ಸಲ್ಲಿಸಿದ ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅದರ ಸ್ಥಿತಿಯನ್ನು ಆಗಾಗ್ಗೆ ಪರಿಶೀಲಿಸಬೇಕು. ನಕ್ಷೆಗೆ ಸಹಿ ಮಾಡುವ ಮುನ್ನ ತಳಪಾಯದ ವಿಧ, ಮನೆಯ ದಿಕ್ಕು, ಕಿಟಕಿಗಳ ಸ್ಥಾನ ಹಾಗೂ ಬಚ್ಚಲ ನೀರು ಹೋಗುವ ದಾರಿ ಈ ನಾಲ್ಕನ್ನು ಮನೆಯವರೆಲ್ಲರೂ ಕುಳಿತು ಒಮ್ಮೆ ನೋಡತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ನಗರಸಭೆ ಅಥವಾ ಪುರಸಭೆಯ ವಸತಿ ಶಾಖೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.